ಅಮ್ಮನ ಸೀಟಿನ ಕುಣಿತ

"ಹಿಂದೆ ಕೂತ್ರೆ ಹೊಟ್ಟೆ ತೊಳಸತ್ತೆ ಕಣೋ" ಅಂತ ಅಮ್ಮ ಮೊದಲ ಸಲ ಹೇಳಿದಾಗ, ವಯಸ್ಸಾಯ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಎರಡನೇ ಸಲ ಹೇಳಿದ ದಿನ ಕಾರಿನ ಕೀಯನ್ನು ತಮ್ಮನ ಕೈಗೆ ಕೊಟ್ಟು ನಾನೇ ಹಿಂದೆ ಕೂತೆ. ಹಂಪ್ ದಾಟಿದ ಮೇಲೂ ಕಾರು ಮೂರು ನಾಲ್ಕು ಸಲ ಮೇಲೆ ಕೆಳಗೆ ತೂಗುತ್ತಿತ್ತು. ಮುಂದೆ ಕೂತು ಓಡಿಸುವವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಬಾಗಿಲ ಮೇಲಿನ ಹಿಡಿಯನ್ನು ಅಮ್ಮ ಯಾಕೆ ಬಿಡುತ್ತಿರಲಿಲ್ಲ ಅಂತ ಅವತ್ತು ಅರ್ಥವಾಯಿತು.

ಪುಟ್ಟ ಕಾರು, ಹತ್ತು ವರ್ಷ ಹಳೆಯದು. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎಲ್ಲವನ್ನೂ ಬದಲಿಸಿಬಿಡೋಣ ಅಂತ ಹೊರಟೆ. ಯಾವುದನ್ನು ಹಾಕಿಸುವುದು? ಒಬ್ಬ ಗೆಳೆಯ ದಪ್ಪ ಕಂಬಿಯ ಗಟ್ಟಿ ಸ್ಪ್ರಿಂಗ್ ಹಾಕಿಸು ಅಂದ. ಇನ್ನೊಬ್ಬ, ಹಳೆಯದರಲ್ಲೇ ಒಂದು ಸುತ್ತು ಕತ್ತರಿಸು, ಕಾರು ತಗ್ಗಾಗಿ ರೋಡಿಗೆ ಅಂಟಿಕೊಂಡು ಓಡುತ್ತೆ ಅಂದ. ಈ ಎರಡನೆಯ ಮಾತನ್ನು ಯಾರೂ ಕೇಳಬೇಡಿ. ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಡಸಾಗುತ್ತದೆ, ಚಕ್ರ ಮೇಲೇಳಲು ಇರುವ ಜಾಗವೂ ಕಮ್ಮಿಯಾಗುತ್ತದೆ. ಸ್ವಲ್ಪ ದೊಡ್ಡ ಗುಂಡಿ ಬಂದರೆ ಸಾಕು, ಚಕ್ರ ಇನ್ನೂ ಮೇಲೇಳದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೇ ಹೋಗಿ ಗುದ್ದುತ್ತದೆ. ಕತ್ತರಿಸಿದ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದೂ ಇಲ್ಲ.

ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು. "ಮೊದ್ಲು ಅಳೀರಿ ಸರ್, ಆಮೇಲೆ ಸಾಮಾನು ತಗೊಳ್ಳಿ."

ಸಮತಟ್ಟಾದ ಜಾಗದಲ್ಲಿ ಖಾಲಿ ಕಾರನ್ನು ನಿಲ್ಲಿಸಿ ಟೇಪ್ ಹಿಡಿದೆವು. ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚು ಕಮ್ಮಿ ಇದ್ದರೂ ಲೆಕ್ಕ ತಪ್ಪುತ್ತದೆ. ಹಿಂದೆ ಎರಡೂ ಕಡೆ ಒಂದೇ ಅಳತೆ, ಕಂಪನಿ ಕೊಟ್ಟ ಅಳತೆಗೆ ಹತ್ತಿರವೇ ಇತ್ತು. ಮುಂದೆ ಬಲಕ್ಕೆ 362 ಮಿ.ಮೀ., ಎಡಕ್ಕೆ 344. ಜಾಕ್ ಹಾಕಿ ಎತ್ತಿ ಟಾರ್ಚ್ ಬಿಟ್ಟಾಗ ಕಾಣಿಸಿತು. ಎಡಗಡೆ ಸ್ಪ್ರಿಂಗಿನ ತಳದ ಸುತ್ತು ತುಂಡಾಗಿ, ಬೆರಳುದ್ದದ ಬಾಗಿದ ಚೂರೊಂದು ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ತುಕ್ಕಿನ ಪುಡಿಯ ಜೊತೆ ಬಿದ್ದಿತ್ತು. ಕೆಸರು ನೀರು ನಿಲ್ಲುವುದು ಅಲ್ಲೇ, ಬಣ್ಣ ಎದ್ದು ತುಕ್ಕು ಶುರುವಾಗುವುದೂ ಅಲ್ಲೇ. ಆ ಚೂಪು ತುದಿ ಟೈರಿಗೆ ತಾಗಿದ್ದರೆ? ಈಗ ನೆನೆಸಿಕೊಂಡರೂ ಎದೆ ಝಲ್ಲೆನ್ನುತ್ತದೆ.

ಅಂದರೆ ಅಮ್ಮ ಕೂರುವ ಕಡೆ ಸ್ಪ್ರಿಂಗುಗಳು ಚೆನ್ನಾಗಿಯೇ ಇದ್ದವು. ಹಾಗಾದರೆ ಆ ಕುಣಿತ ಎಲ್ಲಿಂದ? ಹಿಂದಿನ ಶಾಕ್ ಬಿಚ್ಚಿ ನೆಲದ ಮೇಲೆ ನಿಲ್ಲಿಸಿ ರಾಡನ್ನು ಅಂಗೈಯಿಂದ ಒತ್ತಿದೆ. ಅರ್ಧ ದಾರಿ ಸುಮ್ನೆ ಇಳಿದುಹೋಯಿತು. ಆಮೇಲೆ ಚೂರು ಬಿಗಿ, ಮತ್ತೆ ಸಡಿಲ. ಮೈಯೆಲ್ಲ ಎಣ್ಣೆ ಜಿಡ್ಡು, ಅದರ ಮೇಲೆ ಗಟ್ಟಿಯಾಗಿ ಕೂತ ಧೂಳು. ಹೊಸದನ್ನು ಒತ್ತಿದರೆ ಕೊನೆಯವರೆಗೂ ಒಂದೇ ಸಮನೆ ತಡೆ. ಕೈ ಬಿಟ್ಟ ಮೇಲೆ ರಾಡು ತಾನಾಗೇ ನಿಧಾನಕ್ಕೆ ಮೇಲೆ ಬಂತು, ಒಳಗೆ ಗ್ಯಾಸ್ ಇರುವುದರಿಂದ. (ಗ್ಯಾಸ್ ಇಲ್ಲದ ಶಾಕ್ ಹಾಗೆ ಮೇಲೆ ಬರುವುದಿಲ್ಲ, ಅದು ಕೆಟ್ಟಿದೆ ಅಂತಲ್ಲ. ನೋಡಬೇಕಾದದ್ದು ತಡೆಯನ್ನು.) ಶಾಕ್ ಅಬ್ಸಾರ್ಬರ್ ಅಂತ ಹೆಸರಿದ್ದರೂ ಹೊಡೆತ ನುಂಗುವುದು ಮುಖ್ಯವಾಗಿ ಸ್ಪ್ರಿಂಗೇ. ಆ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಹಿಡಿದು ನಿಲ್ಲಿಸುವುದು ಶಾಕ್ ಕೆಲಸ. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ಕಷ್ಟಪಟ್ಟು ನುಸುಳಬೇಕು, ಆ ಕಷ್ಟವೇ ಕುಣಿತವನ್ನು ಬಿಸಿಯಾಗಿ ಕಳೆದುಬಿಡುತ್ತದೆ.

ಇಷ್ಟಾದರೂ ಹಿಂದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿಸುವ ಆಸೆ ಹೋಗಿರಲಿಲ್ಲ. ಮನೆಮಂದಿಯೆಲ್ಲ ಹತ್ತಿದರೆ ಹಿಂಭಾಗ ಕುಸಿಯುತ್ತದಲ್ಲ! ರಾತ್ರಿ ಕೂತು ಲೆಕ್ಕ ಹಾಕಿದೆ. ಕಾರಿನ ತೂಕ ಸುಮಾರು 850 ಕೆಜಿ. ಐದು ಜನ, ಡಿಕ್ಕಿ ತುಂಬ ಸಾಮಾನು ಅಂದರೆ ಇನ್ನೂ 400 ಕೆಜಿ ಹತ್ತಿರ, ಅದರಲ್ಲಿ ಜಾಸ್ತಿ ಪಾಲು ಹಿಂದಕ್ಕೇ. ಖಾಲಿ ಇದ್ದಾಗ ಎಂಜಿನ್ ಮುಂದಿರುವುದರಿಂದ ಹಿಂದಿನ ಸ್ಪ್ರಿಂಗುಗಳ ಮೇಲೆ ತೂಕವೇ ಕಮ್ಮಿ. ದೊಡ್ಡ ಕಾರಿಗೆ ಈ ವ್ಯತ್ಯಾಸ ಇಷ್ಟು ಕಾಡುವುದಿಲ್ಲ. ವರ್ಷಕ್ಕೆ ನಾಲ್ಕು ದಿನದ ತುಂಬಿದ ಕಾರಿಗಾಗಿ ಗಟ್ಟಿ ಸ್ಪ್ರಿಂಗ್ ಹಾಕಿದರೆ ಉಳಿದ ದಿನವೆಲ್ಲ ಹಿಂಭಾಗ ಎಗರುತ್ತಿರುತ್ತದೆ. ಕಂಬಿ ಚೂರು ದಪ್ಪವಾದರೂ ಪರಿಣಾಮ ದೊಡ್ಡದು. ಉಳಿದದ್ದೆಲ್ಲ ಅಷ್ಟೇ ಇದ್ದು 12 ಮಿ.ಮೀ. ಕಂಬಿ 13 ಆದರೆ ಸ್ಪ್ರಿಂಗ್ ಹೆಚ್ಚು ಕಮ್ಮಿ ಶೇ. 38ರಷ್ಟು ಗಡಸಾಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಮಾಮೂಲಿ ಶಾಕ್ ಸಾಲದು. ಮತ್ತೆ ಅದೇ ಕುಣಿತ!

ಹಿಂದಿನ ಸ್ಪ್ರಿಂಗ್ ಹಾಗೇ ಇರಲಿ, ಮುಂದಕ್ಕೆ ಕಂಪನಿ ಅಳತೆಯದೇ ಒಂದು ಜೋಡಿ, ಶಾಕ್ ಮಾತ್ರ ನಾಲ್ಕೂ ಹೊಸದು ಅಂತ ಗಟ್ಟಿ ಮಾಡಿಕೊಂಡೆ. ಮುರಿದದ್ದು ಒಂದೇ ಆದರೂ ಎರಡೂ ಬದಲಿಸಬೇಕು. ಇಲ್ಲದಿದ್ದರೆ ಒಂದು ಕಡೆ ಹೊಸ ಎತ್ತರ, ಇನ್ನೊಂದು ಕಡೆ ಹಳೆಯದು. ಅಂಗಡಿಯವರು ಮೊದಲು ಕೊಟ್ಟದ್ದು ಡೀಸೆಲ್ ಕಾರಿನ ಸ್ಪ್ರಿಂಗ್. ನೋಡಲು ಒಂದೇ ಥರ. ಸುತ್ತಿನ ಮೇಲಿನ ಬಣ್ಣದ ಗೆರೆ ಹೊಂದಲಿಲ್ಲ, ವಾಪಸ್ ಕೊಟ್ಟೆ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಅದಕ್ಕೆ ಬೇರೆಯೇ ಸ್ಪ್ರಿಂಗ್.

ಮೆಕ್ಯಾನಿಕ್ ಹೊಸ ಶಾಕುಗಳನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ಆಮೇಲೆ ಕೂರಿಸಿದರು. ಮಲಗಿಸಿಟ್ಟಾಗ ಎಣ್ಣೆಯೊಳಗೆ ಸೇರಿದ ಗುಳ್ಳೆ ಹೊರಬರಬೇಕಂತೆ. ಮುಂದೆ ಸ್ಪ್ರಿಂಗ್, ಶಾಕ್ ಎರಡೂ ಒಟ್ಟಿಗೆ ಕೂರುವ ಸ್ಟ್ರಟ್ ಮೇಲಿನ ಮೌಂಟ್, ಬೇರಿಂಗ್ ಕೂಡ ಬದಲಾಯಿತು. ಸ್ಪ್ರಿಂಗನ್ನು ಕಂಪ್ರೆಸರ್‌ನಲ್ಲಿ ಬಿಗಿಯುವಾಗ ನನ್ನನ್ನು ದೂರ ನಿಲ್ಲಿಸಿದರು. ಬಿಗಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಅಪಾಯ, ಮನೆಯಲ್ಲಿ ಮಾಡುವ ಕೆಲಸವಲ್ಲ ಅದು. ಕೊನೆಗೆ ವೀಲ್ ಅಲೈನ್‌ಮೆಂಟ್.

ಭಾನುವಾರ ಅಮ್ಮನನ್ನು ಕರೆದುಕೊಂಡು ಹೊರಟೆ. ಹಂಪ್ ಬಂತು. ಕಾರು ಒಮ್ಮೆ ಎದ್ದು ಕೂತಿತು, ಅಷ್ಟೇ. ಕನ್ನಡಿಯಲ್ಲಿ ನೋಡಿದೆ. ಅಮ್ಮನ ಎರಡೂ ಕೈ ಮಡಿಲಲ್ಲಿದ್ದವು.

ಎರಡು ವಾರ ಬಿಟ್ಟು ಮತ್ತೆ ಟೇಪ್ ಹಿಡಿದೆ. ಹೊಸ ಸ್ಪ್ರಿಂಗುಗಳು ಸ್ವಲ್ಪ ಕೂತಿದ್ದವು. ಎಡಕ್ಕೆ 365, ಬಲಕ್ಕೆ 366. ತಾರೀಖಿನ ಸಮೇತ ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟಿದ್ದೇನೆ.