ನಲವತ್ತೆರಡು ಹೆಂಚು

ಕಳೆದ ಭಾನುವಾರ ಅಪ್ಪನನ್ನು ಬಸವನಗುಡಿಗೆ ಕರೆದುಕೊಂಡು ಹೋಗಿದ್ದೆ. ಗಾಂಧಿ ಬಜಾರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಹಳೇ ಬಂಗಲೆ ಮಾರಾಟಕ್ಕಿದೆ. ಅಪ್ಪ ಗಾರೆ ಮೇಸ್ತ್ರಿ. ಎಪ್ಪತ್ತು ದಾಟಿ ಕರಣೆ ಕೆಳಗಿಟ್ಟು ಮನೆಯಲ್ಲಿ ಕೂತಿದ್ದವರನ್ನು ಆ ಬಂಗಲೆಯ ಯಜಮಾನರು ಹುಡುಕಿಕೊಂಡು ಬಂದಿದ್ದರು, ಸುಣ್ಣದ ಗಾರೆ ಗೊತ್ತಿರೋರು ಎಲ್ಲೂ ಸಿಗ್ತಿಲ್ಲ ಅಂತ. ಎರಡು ವರ್ಷ ಅಪ್ಪ ದಿನಾ ಬಸ್ಸಿನಲ್ಲಿ ಹೋಗಿ ಬಂದರು. ಈಗ ಯಜಮಾನರಿಗೂ ವಯಸ್ಸಾಯಿತು, ಮಕ್ಕಳು ಯಾರೂ ಇಲ್ಲಿಲ್ಲ. 'ಕೈ ಬದಲಾಗೋ ಮೊದ್ಲು ಒಂದ್ಸಲ ನೋಡ್ಕೊಂಡು ಬರೋಣ' ಅಂದರು ಅಪ್ಪ.

ನಾವು ಹೋದಾಗ ಬ್ರೋಕರ್ ಒಂದು ಕುಟುಂಬಕ್ಕೆ ಮನೆ ತೋರಿಸುತ್ತಿದ್ದ. ಮುಂದೆ ಮಂಗಳೂರು ಹೆಂಚು, ಕಿಟಕಿಗಳ ಮೇಲೆ ಮರದ ಪಟ್ಟಿಯ ಚೂಪು ಮಂಕಿ ಟಾಪ್, ಒಳಗೆ ಹಾಲಿಗೆ ಮದ್ರಾಸ್ ತಾರಸಿ. ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದಲ್ಲಿ ಕೂರಿಸಿ, ಮೇಲೆ ಜಲ್ಲಿ ಗಾರೆ ಹಾಕಿ ದಿನಗಟ್ಟಲೆ ಬಡಿದು ಮಾಡುವ ಚಾವಣಿ ಅದು. ಬ್ರೋಕರ್ ಒಂದು ಹೆಂಚನ್ನು ತಿರುಗಿಸಿ ಅಚ್ಚಿನಲ್ಲಿದ್ದ ಇಸವಿ ತೋರಿಸಿದ. '1865ರ ಮನೆ ಸಾರ್ ಇದು.'

ಅಪ್ಪ ಸುಮ್ನಿರಲಿಲ್ಲ. ಅದು ಮನೆಯ ಇಸವಿ ಅಲ್ಲ, ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ಇಸವಿ ಅಂತ ಹೇಳಿದರು. ಆಗ ಈ ಬಡಾವಣೆಯೇ ಇರಲಿಲ್ಲ ಅಲ್ವಾ. 1898ರ ಪ್ಲೇಗ್‌ಗೆ ಹೆದರಿ ಜನ ಪೇಟೆಯ ಇಕ್ಕಟ್ಟು ಬಿಟ್ಟು ಬಂದ ಮೇಲೆ ತಾನೇ ಬಸವನಗುಡಿ, ಮಲ್ಲೇಶ್ವರ ತುಂಬಿದ್ದು. ಬ್ರೋಕರ್ ಪಾಪ, ತಲೆಯಾಡಿಸಿ ಹೆಂಚನ್ನು ಜೋಪಾನವಾಗಿ ಕೆಳಗಿಟ್ಟ.

ಈ ಮನೆಯನ್ನು ಅಪ್ಪ ಮೊದಲು ನೋಡಿದಾಗ ಗೋಡೆಗಳು ಗುಳ್ಳೆ ಎದ್ದು ಉದುರುತ್ತಿದ್ದವಂತೆ. ಹಿಂದೆ ಯಾರೋ ಕಂಟ್ರಾಕ್ಟರು ಸುಣ್ಣದ ಗೋಡೆಗೆ ಸಿಮೆಂಟ್ ಬಳಿದು ಹೋಗಿದ್ದ. ಹಳೇ ಗೋಡೆ ನೀರು ಕುಡಿಯುತ್ತೆ, ಬಿಸಿಲಿಗೆ ಬಿಡುತ್ತೆ. ಮೇಲೆ ಸಿಮೆಂಟ್ ಹಾಕಿದರೆ ಒಳಗಿನ ತೇವಕ್ಕೆ ದಾರಿ ಇಲ್ಲ, ಒಳಗೊಳಗೇ ಇಟ್ಟಿಗೆ ಪುಡಿಯಾಗುತ್ತೆ. ಅದನ್ನೆಲ್ಲಾ ಉಳಿಯಲ್ಲಿ ಕೆತ್ತಿ ತೆಗೆಯುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಸುಣ್ಣ ಅರಳಿಸಿ, ವಾರಗಟ್ಟಲೆ ನೀರಿನಲ್ಲೇ ಬಿಟ್ಟು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಅರೆಯಬೇಕು. ಆ ದಿನಗಳಲ್ಲಿ ಅಪ್ಪನ ಅಂಗಿ ಒಗೆಯಲು ತೆಗೆದರೆ ಬೆಲ್ಲದ ವಾಸನೆ ಬರುತ್ತಿತ್ತು.

ನಡುಮನೆಯ ನೆಲ ಮಾತ್ರ ಅಪ್ಪ ಯಾರ ಕೈಗೂ ಕೊಡಲಿಲ್ಲ. ಕೆಂಪು ಆಕ್ಸೈಡಿನ ನೆಲವನ್ನು ಒಂದು ಕೋಣೆಗೆ ಒಂದೇ ದಿನದಲ್ಲಿ ಮುಗಿಸಬೇಕು. ಅರ್ಧ ಇವತ್ತು, ಅರ್ಧ ನಾಳೆ ಅಂದರೆ ಬಣ್ಣ ಬೇರೆಯಾಗಿ ಗೆರೆ ಬೀಳುತ್ತದೆ, ಆ ಗೆರೆ ಜನ್ಮದಲ್ಲಿ ಹೋಗಲ್ಲ. ಅವತ್ತು ಬೆಳಗಿನ ಜಾವ ಶುರು ಮಾಡಿ ರಾತ್ರಿ ಬಲ್ಬ್ ಬೆಳಕಿನಲ್ಲಿ ಮಂಡಿಯೂರಿ ಕರಣೆ ಎಳೆದಿದ್ದರು, ಮಾರನೇ ದಿನ ಏಳಲಿಕ್ಕೇ ಆಗಲಿಲ್ಲ. ಭಾನುವಾರ ಅಪ್ಪ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದರು, ನಾನೂ ನಡೆದೆ. ಮೇ ತಿಂಗಳ ಮಧ್ಯಾಹ್ನ, ಆದರೂ ಅಂಗಾಲು ತಣ್ಣಗಾಯಿತು. ಕಿಟಕಿಯ ಸರಳುಗಳು ನೆಲದೊಳಗೆ ಕಾಣುತ್ತಿದ್ದವು.

ಅಷ್ಟರಲ್ಲಿ ಆ ಮನೆ ನೋಡಲು ಬಂದವರು ಕೇಳಿದರು, 'ಇಲ್ಲಿ ಎಷ್ಟು ಫ್ಲೋರ್ ಎತ್ತಬಹುದು?'

ಯಜಮಾನರ ಮುಖ ಇಳಿಯಿತು. ಆಮೇಲೆ ಕಾಫಿ ಕೊಡುತ್ತಾ ಅವರು ವ್ಯಾಲ್ಯುಯೇಶನ್ ಕಾಗದ ತೋರಿಸಿದರು. ಜಾಗಕ್ಕೆ ಚದರಡಿ ಲೆಕ್ಕದಲ್ಲಿ ಕೋಟಿಗಟ್ಟಲೆ ಬರೆದಿದೆ. ಕಟ್ಟಡ ಅನ್ನುವ ಸಾಲಿನ ಮುಂದೆ ಸೊನ್ನೆ. ಹಳೇ ಕಟ್ಟಡ ಅಂದರೆ ಸವಕಳಿ ಕಳೆದು ಬೆಲೆ ಏನೂ ಉಳಿಯಲ್ಲವಂತೆ. ಹೊಸದಾಗಿ ಕೂರಿಸಿದ ತೊಲೆ, ಗೋಡೆ, ಆ ನೆಲ, ಯಾವುದಕ್ಕೂ ಆ ಕಾಗದದಲ್ಲಿ ಜಾಗ ಇಲ್ಲ. ನನಗೆ ಗಂಟಲು ಕಟ್ಟಿತು. ಸೈಟಿಗೆ ಬೆಲೆ ಇರಲಿ, ಬೇಡ ಅನ್ನಲ್ಲ. ಆದರೆ ನಿಂತಿರುವ ಗಟ್ಟಿ ಮನೆಗೆ ಸೊನ್ನೆ ಬರೆದರೆ, ಕೊಂಡವರು ಅದನ್ನು ಕೆಡವಬೇಕಾದ ಕಸ ಅಂತಲೇ ನೋಡುತ್ತಾರೆ ಅಲ್ವಾ? ಯಜಮಾನರು ಮಾತ್ರ, ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ, ಇದರಲ್ಲಿ ವಾಸ ಮಾಡುವವರಿಗೇ ಕೊಡುತ್ತೇನೆ ಅಂತ ಕಾಯುತ್ತಿದ್ದಾರೆ. ಆಗಲೇ ಏಳು ತಿಂಗಳಾಯಿತು.

ಅಪ್ಪ ಆ ಕಾಗದ ಓದಲಿಲ್ಲ. ಹಿತ್ತಲಿನ ಶೆಡ್ಡಿಗೆ ಹೋದರು. ಅಲ್ಲಿ ಅದೇ ಅಚ್ಚಿನ ಹಳೇ ಹೆಂಚುಗಳನ್ನು ಒಡೆದದ್ದಕ್ಕೆ ಬದಲಿಗೆ ಇರಲಿ ಅಂತ ಅವರೇ ಆರಿಸಿ ಜೋಡಿಸಿಟ್ಟಿದ್ದರು. ಒಂದೊಂದನ್ನೇ ಬೆರಳಿನಿಂದ ತಟ್ಟಿ ಸದ್ದು ಕೇಳಿ ಎಣಿಸಿದರು. ನಲವತ್ತೆರಡು ಇತ್ತು. ಹೊರಡುವಾಗ ಬ್ರೋಕರ್ ಹತ್ತಿರ ಹೋಗಿ ಹೇಳಿದರು: 'ಯಾರಿಗೆ ಕೊಟ್ರೂ ನಲವತ್ತೆರಡು ಹೆಂಚು ಮನೆ ಜೊತೆಗೇ ಅಂತ ಬರ್ಕೊಳ್ಳಪ್ಪ. ಮತ್ತೆ ನೆಲಕ್ಕೆ ಆಸಿಡ್ ಹಾಕ್ಬಾರ್ದು.' ಆ ಹುಡುಗ ಫೋನ್ ತೆಗೆದು ಎರಡನ್ನೂ ಬರೆದುಕೊಂಡ.