ಫೌಂಟನ್ಸ್ ಅಬ್ಬೆಗೆ ಕೆರೆಯ ಕಡೆಯಿಂದ ಹೋಗಿ

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಪಾಳುಬಿದ್ದ ಕ್ರೈಸ್ತ ಮಠಗಳು ಹಲವು. ಒಂದಕ್ಕೆ ಮಾತ್ರ ಬಿಡುವಿದೆ ಎನ್ನುವವರಿಗೆ ನಾನು ಹೇಳುವುದು ಫೌಂಟನ್ಸ್ ಅಬ್ಬೆ. ಹತ್ತಿರದ ಊರು ರಿಪನ್. ಅಲ್ಲಿಗೆ ರೈಲಿಲ್ಲ; ಲೀಡ್ಸ್ ಅಥವಾ ಹ್ಯಾರೊಗೇಟ್‌ನಲ್ಲಿ ಇಳಿದು 36ನೇ ನಂಬರಿನ ಬಸ್ ಹಿಡಿಯಬೇಕು.

ಕಾರಿನಲ್ಲಿ ಬರುವವರೆಲ್ಲ ಪಶ್ಚಿಮದ ಸಂದರ್ಶಕರ ಕೇಂದ್ರದಿಂದ ಒಳಹೊಕ್ಕು, ನೇರ ಗೋಪುರದ ಬುಡಕ್ಕೆ ಇಳಿದುಬಿಡುತ್ತಾರೆ. ನನ್ನ ಮಾತು ಕೇಳುವುದಾದರೆ ರಿಪನ್‌ನಿಂದ ನಡೆಯಿರಿ. ಸ್ಟಡ್ಲಿ ರಾಯಲ್ ಎಂಬ ಎಸ್ಟೇಟಿನ ಜಿಂಕೆವನ ದಾಟಿದರೆ ಕೆರೆಯ ಪಕ್ಕದ ದ್ವಾರ ಸಿಗುತ್ತದೆ. ಅಲ್ಲಿಂದ ಹದಿನೆಂಟನೆಯ ಶತಮಾನದಲ್ಲಿ ಆ ಎಸ್ಟೇಟಿನ ಒಡೆಯ ಜಾನ್ ಐಸ್ಲಬಿ ಮಾಡಿಸಿದ ಜಲೋದ್ಯಾನ. ಮೇಲುದಾರಿ ಹಿಡಿದು 'ಸರ್ಪ್ರೈಸ್ ವ್ಯೂ' ಎಂಬಲ್ಲಿಗೆ ಹೋದರೆ, ಸ್ಕೆಲ್ ನದಿಯ ಆಚೆ ಇಡೀ ಮಠ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಏರು ಆಗದವರಿಗೆ, ಮಕ್ಕಳ ಗಾಡಿ ತಳ್ಳುವವರಿಗೆ ನದಿಯ ದಡದ ಸಮದಾರಿಯಿದೆ.

ಯಾರ್ಕ್‌ನ ಮಠದಲ್ಲಿ ಬದುಕು ಸಡಿಲವಾಯಿತೆಂದು ಮುನಿದು ಹೊರಬಂದ 13 ಸಂನ್ಯಾಸಿಗಳು 1132ರಲ್ಲಿ ಇದನ್ನು ಕಟ್ಟಲು ತೊಡಗಿದರು. ಕಠಿಣ ವ್ರತದ ಸಿಸ್ಟರ್ಸಿಯನ್ ಪಂಥ ಸೇರಿದರು. ಆಮೇಲೆ ಕುರಿ ಉಣ್ಣೆಯ ವ್ಯಾಪಾರದಿಂದ ಅವರ ಮಠ ಇಂಗ್ಲೆಂಡಿನ ಸಿರಿವಂತ ಮಠಗಳಲ್ಲಿ ಒಂದಾಯಿತು! ಕೊನೆಗಾಲದ ಮಠಾಧಿಪತಿ ಹ್ಯೂಬಿ ಎಬ್ಬಿಸಿದ ಸುಮಾರು 160 ಅಡಿಯ ಗೋಪುರ ಸರಳತೆಯ ನೆನಪನ್ನೇನೂ ತರುವುದಿಲ್ಲ. 1539ರಲ್ಲಿ ದೊರೆ ಎಂಟನೆಯ ಹೆನ್ರಿಯ ಆಡಳಿತ ಮಠವನ್ನು ಮುಚ್ಚಿಸಿತು.

ಫೋಟೋ ತೆಗೆಯುವವರೆಲ್ಲ ಗೋಪುರದ ಸುತ್ತ ನೆರೆದಿರುತ್ತಾರೆ. ನೀವು ಹೆಚ್ಚು ಹೊತ್ತು ಕಳೆಯಬೇಕಾದದ್ದು ಪಶ್ಚಿಮದ ಉಗ್ರಾಣದಲ್ಲಿ. ಸುಮಾರು 300 ಅಡಿ ಉದ್ದದ ಕಮಾನುಮಾಳಿಗೆ. ನಡುವೆ ಒಂದೇ ಸಾಲು ಕಂಬ, ಅವುಗಳಿಂದ ತಾಳೆಗರಿಯಂತೆ ಹರಡಿದ ಕಲ್ಲಿನ ಪಕ್ಕೆಲುಬುಗಳು. ಹೊಲ, ಕುರಿ, ಉಣ್ಣೆಯ ಕೆಲಸವನ್ನು ಹೊತ್ತಿದ್ದ ಸೇವಾ ಸಹೋದರರು ಊಟ ಮಾಡುತ್ತಿದ್ದುದು ಇಲ್ಲಿ, ಮಲಗುತ್ತಿದ್ದುದು ಇದರ ಮೇಲಂತಸ್ತಿನಲ್ಲಿ. ಹೊರಗೆ ಬಂದು ದಕ್ಷಿಣದ ತುದಿಯಲ್ಲಿ ಬಗ್ಗಿ ನೋಡಿ: ಕಟ್ಟಡದ ಅಡಿಯಲ್ಲೇ ನದಿಯನ್ನು ಸುರಂಗಗಳ ಮೂಲಕ ಹರಿಸಿದ್ದಾರೆ. ಶೌಚಾಲಯದ ಕೊಳೆ ತೊಳೆಯುವ ಏರ್ಪಾಡೂ ಅದೇ.

ಮಠದ ಕಲ್ಲು ಕಿತ್ತು ಕಟ್ಟಿದ ಫೌಂಟನ್ಸ್ ಹಾಲ್ ಹೊತ್ತಿದ್ದರೆ ನೋಡಿ, ಇಲ್ಲದಿದ್ದರೆ ಬಿಡಿ. ಮಳೆ ಬಂದರೆ ನೆಲದ ಕಲ್ಲು ಜಾರುತ್ತದೆ; ಹಿಡಿತವಿರುವ ಶೂ ಬೇಕು. ಚಳಿಗಾಲದಲ್ಲಿ ದ್ವಾರ ಬೇಗ ಮುಚ್ಚುವುದರಿಂದ ಬೆಳಿಗ್ಗೆಯೇ ಹೊರಡಿ, ರಿಪನ್‌ನಿಂದ ಹಿಂದಿರುಗುವ ಬಸ್ಸಿನ ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.