ತುರುಬಿಗೊಂದು ತೊಗಲ ಹೂವು

ತುರುಬಿಗೆ ಸಿಕ್ಕಿಸಲು ನಾನು ಮಾಡುವ ತೊಗಲಿನ ಪಟ್ಟಿಗಳಿಗೆ ಈ ಸಲ ದಾಳಿಂಬೆ ಕೆಂಪು ಬಳಿದಿದ್ದೇನೆ, ಅಂಚಿಗೆ ಕಪ್ಪು ಗೆರೆ. ತುಂಬಾ ಖುಷಿಯಾಗಿದೆ.

ಮರದ ತೊಗಟೆಯ ರಸದಲ್ಲಿ ಹದ ಮಾಡಿದ ತೊಗಲೇ ಇದಕ್ಕೆ ಬೇಕು. ಎಲೆಯಾಕಾರಕ್ಕೆ ಕತ್ತರಿಸಿ, ನೀರಲ್ಲಿ ನೆನೆಸಿ, ಲೋಟದ ಮೇಲೆ ಬಾಗಿಸಿ ದಾರ ಸುತ್ತಿ ಒಣಗಿಸಿದರೆ ಆ ಬಾಗು ಹಾಗೇ ನಿಲ್ಲುತ್ತದೆ. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ, ಮೆತ್ತನೆ ತೊಗಲು ಹೀಗೆ ಮಾತು ಕೇಳುವುದಿಲ್ಲ. ನಮ್ಮ ಕೊಪ್ಪಳದ ಬಿಸಿಲಲ್ಲಂತೂ ನೆರಳಲ್ಲೇ ಒಣಗಿಸಬೇಕು, ಇಲ್ಲದಿದ್ದರೆ ಸೆಟೆದುಕೊಳ್ಳುತ್ತದೆ. ಆಮೇಲೆ ಅಕ್ರಿಲಿಕ್ ಬಣ್ಣ, ತೆಳುವಾಗಿ, ಒಂದರ ಮೇಲೊಂದು. ದಪ್ಪ ಬಳಿದರೆ ಬಾಗಿದ ಕಡೆ ಬಿರುಕು ಬಿಡುತ್ತದೆ. ತಲೆಯ ಎಣ್ಣೆ ತಾಗದಂತೆ ಕೊನೆಗೊಂದು ವಾರ್ನಿಷ್. ಎರಡು ತೂತು, ಅವುಗಳಲ್ಲಿ ತೂರಿಸಿ ತುರುಬಿಗೆ ಸಿಕ್ಕಿಸಲು ಒಂದು ಮರದ ಕಡ್ಡಿ, ಅಷ್ಟೇ.

ಪಕ್ಕದ ಮನೆಯ ದೊಡ್ಡವ್ವ ನೋಡಿ, "ತೊಗಲು ತಲಿ ಮ್ಯಾಲೆ ಇಟ್ಕೊಳ್ಳೋದೇನವ್ವಾ?" ಅಂದರು. ಯಾಕಾಗಬಾರದು ದೊಡ್ಡವ್ವ? ಇದೇ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲುಗೊಂಬೆಯಾಟಕ್ಕೇ. ಆ ಆಟದಲ್ಲಿ ರಾಮ, ಸೀತೆ, ಹನುಮಂತ ಎಲ್ಲರೂ ತೊಗಲೇ. ಅದನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಬಣ್ಣ ಹಾಕಿ, ಪರದೆಯ ಹಿಂದೆ ಆಡಿಸುತ್ತಾರೆ. ಜನ ಕೈಮುಗಿದು ನೋಡುತ್ತಾರೆ. ತೊಗಲು ಮುಟ್ಟುವ ಕೈಗಳನ್ನು ಕೀಳಾಗಿ ಕಂಡದ್ದು ನಮ್ಮ ತಪ್ಪು, ತೊಗಲಿನದಲ್ಲ.

ದೊಡ್ಡವ್ವನ ಮೊಮ್ಮಗಳು ಈಗಾಗಲೇ ನವಿಲು ಬಣ್ಣದ್ದು ಕೇಳಿದ್ದಾಳೆ. ನೀಲಿ ಖಾಲಿ, ನಾಳೆ ತರಬೇಕು.